ಬೇಕರಿಯವನ ಕಡತ

"ಕೂತ್ಕೊಳ್ಳಿ ಅತ್ತೆ. ಮೌಸ್ ಗೀಸ್ ಮುಟ್ಟೋಕೆ ಹೋಗ್ಬೇಡಿ," ಎಂದ ಅಳಿಯ. "ಏನಾದ್ರೂ ಕೆಟ್ರೆ ಕೋರ್ಟಿನವರು ನನ್ನ ಕೊರಳಿಗೆ ಕಟ್ತಾರೆ."

ಅತ್ತೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮಗಳು ಅಮ್ಮನ ಕುರ್ಚಿಯ ಹಿಂದೆ ನಿಂತಳು. ದಿವಾಳಿ ನ್ಯಾಯಾಲಯದ ದಾಖಲೆ ಕೋಣೆ ಅದು. ಉದ್ದನೆಯ ಕೌಂಟರು, ಗಾಜಿನಾಚೆ ಆಕಳಿಸುತ್ತ ಕೂತ ಗುಮಾಸ್ತೆ, ಗೋಡೆಗೆ ಮುಖ ಮಾಡಿದ ಮೂರು ಕಂಪ್ಯೂಟರುಗಳು. ಅಳಿಯ ಯಾರನ್ನೂ ಕೇಳದೆ ನೇರ ಮೂಲೆಯದರ ಬಳಿಗೇ ಬಂದಿದ್ದ. ಉಳಿದೆರಡು ಆಮೆಗಿಂತ ನಿಧಾನವಂತೆ.

ಬಾಗಿಲ ಬಳಿಯ ಬೆಂಚಿನಲ್ಲಿ ವಯಸ್ಸಾದ ಗಂಡಹೆಂಡಿರು ಕಾಗದದ ಕಟ್ಟೊಂದನ್ನು ತಬ್ಬಿ ಕೂತಿದ್ದರು. ಅಳಿಯ ಅವರತ್ತ ಗದ್ದ ಚಾಚಿ ಮೂಗು ಮುರಿದ. "ಮುಳುಗಿದೋರ ಮುಖ ನೋಡಿ. ಮಾನಸ್ಥರು ಕಾಲಿಡೋ ಜಾಗ ಅಲ್ಲ ಇದು."

ಕಾಲಿಡುವಂತೆ ಮಾಡಿದ್ದು ಒಬ್ಬ ಬೇಕರಿಯವನು. ಬೇರೆ ಊರಿನಲ್ಲಿ ನರ್ಸ್ ಆಗಿರುವ ಕಿರಿಮಗಳು ಅವನನ್ನು ಮೆಚ್ಚಿದ್ದಾಳೆ, ಅವನು ಹಿಂದೊಮ್ಮೆ ದಿವಾಳಿಯೆದ್ದವನೆಂದು ಯಾರೋ ಕಿವಿಗೆ ಹಾಕಿದ್ದಾರೆ ಎಂದು ಅತ್ತೆ ಹಿಂದಿನ ದಿನ ಊಟದ ಹೊತ್ತಿನಲ್ಲಿ ಹೇಳಿದ್ದರು. ಅಳಿಯ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಅತ್ತೆಯ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ತಾನು ದೊಡ್ಡದೊಂದು ಟೈಲ್ಸ್ ಷೋರೂಮ್ ತೆರೆಯುವುದೆಂದು ಆಗಲೇ ಮಾತಾಗಿತ್ತು. ಹಳೆಯ ಷೋರೂಮನ್ನು ಒಳ್ಳೆ ಲಾಭಕ್ಕೆ ಮಾರಿದೆ ಎಂದಿದ್ದ. ಆ ದುಡ್ಡು ಬೇರೆಲ್ಲೋ ತೊಡಗಿಸಿದ್ದನಂತೆ. ಬಾಕಿ ಇದ್ದದ್ದು ಅತ್ತೆಯ ಒಂದು ಸಹಿ. ಅಷ್ಟರಲ್ಲಿ ಮನೆಗೆ ಪಾಲು ಕೇಳಲು ಹಿಟ್ಟು ನಾದುವವನೊಬ್ಬ ಹುಟ್ಟಿಕೊಳ್ಳಬೇಕೆ?

"ದಿವಾಳಿಯೆದ್ದವನಾ? ಥೂ!" ಎಂದಿದ್ದ. "ಊರೋರ ದುಡ್ಡು ನುಂಗಿ, ಕೋರ್ಟಿಗೆ ಹೋಗಿ ಕೈ ಎತ್ತೋ ಜನ. ನಾಚಿಕೆ ಅನ್ನೋದೇ ಇರಲ್ಲ. ನಾಳೆನೇ ಹೋಗಿ ಅವನ ಜಾತಕ ಜಾಲಾಡ್ಕೊಂಡು ಬರ್ತೀನಿ."

"ನಾನೂ ಬರ್ತೀನಿ ಅಳಿಯಂದಿರೇ. ಚಿಕ್ಕವಳು ಹಟಮಾರಿ. ಕಣ್ಣಾರೆ ಕಂಡೆ ಅಂತ ಹೇಳ್ಬೇಕಲ್ಲ. ದೊಡ್ಡವಳೂ ಜೊತೆಗಿರಲಿ. ಚಿಕ್ಕವಳಿಗೆ ಮಾತ್ರ ಈಗಲೇ ಫೋನ್ ಮಾಡ್ಬೇಡಿ, ರಂಪ ಆಗುತ್ತೆ. ಇದೊಂದು ಮುಗಿದ್ರೆ ನಿಮ್ಮ ಸಹಿ ವಿಷಯ ನೋಡೋಣ."

ಸಹಿ ಎಂದದ್ದೇ ತಡ, ಬೆಳಗ್ಗೆ ಕಾರು ಬಾಗಿಲಲ್ಲಿತ್ತು.

"ಈಗ ನೋಡಿ," ಎಂದು ಅಳಿಯ ತೋಳು ಮೇಲೇರಿಸಿದ. "ಇಲ್ಲಿ ಗುಟ್ಟು ಅನ್ನೋದೇ ಇಲ್ಲ. ಕೋರ್ಟಿನ ದಾಖಲೆ, ಯಾರು ಬೇಕಾದ್ರೂ ನೋಡ್ಬಹುದು. ಯಾಕೆ ಅಂತ ಯಾರೂ ಕೇಳಲ್ಲ. ನೋಡೋಕೆ ದುಡ್ಡಿಲ್ಲ, ಪ್ರತಿ ಬೇಕಾದ್ರೆ ಮಾತ್ರ ಪುಟಕ್ಕಿಷ್ಟು ಅಂತ ಕಟ್ಬೇಕು."

"ಕೇಸಿನ ನಂಬರ್ ಗೊತ್ತಿಲ್ದಿದ್ರೆ?"

ಅಳಿಯ ಹೆಂಡತಿಯತ್ತ ನೋಡಿ ನಕ್ಕ. "ನಿಮ್ಮಮ್ಮ ಪತ್ತೇದಾರಿಗೆ ಇಳಿದ್ರು ನೋಡು! ಪೂರ್ತಿ ಹೆಸರಿದ್ರೆ ಸಾಕು ಅತ್ತೆ. ಒಂದೇ ಹೆಸರಿನೋರು ಹತ್ತು ಜನ ಬಂದ್ರೆ ವಿಳಾಸ ತಾಳೆ ನೋಡೋದು."

"ಅಂಗಡಿ ಹೆಸರಲ್ಲೂ ಹುಡುಕ್ಬಹುದಾ?"

"ಹುಡುಕ್ಬಹುದು. ಕಳ್ಳರು ಅಡಗಿರೋದೇ ಅಲ್ಲಿ."

ಅತ್ತೆ ತಲೆದೂಗಿದರು. ಟೀವಿ ರಿಮೋಟನ್ನು ತಲೆಕೆಳಗಾಗಿ ಹಿಡಿಯುವ ಹೆಂಗಸು. ಇವರಿಗೆ ಪಾಠ ಹೇಳುವುದೆಂದರೆ ಗೋಡೆಗೆ ಹೇಳಿದ ಹಾಗೆ ಎಂದುಕೊಂಡ ಅಳಿಯ. ಆದರೂ ಹೇಳಿದ. ಗೋಡೆ ತಿರುಗಿ ಮಾತಾಡುವುದಿಲ್ಲ ಎಂಬ ಸುಖ ಅವನಿಗೆ ಯಾವಾಗಲೂ ಇಷ್ಟ.

ಅತ್ತೆ ಹೇಳಿದ ಹೆಸರನ್ನು ಟೈಪ್ ಮಾಡಿದ. ಏನೂ ಬರಲಿಲ್ಲ. ಬೇಕರಿಯ ಹೆಸರು ಕೇಳಿದ. ಅತ್ತೆ ಕ್ಷಣ ಯೋಚಿಸಿ ಒಂದು ಹೇಳಿದರು. ಅದಕ್ಕೂ ಏನೂ ಬರಲಿಲ್ಲ.

"ಪಾಪ, ಒಳ್ಳೆಯವನೇ ಇರಬಹುದೇನೋ ರೀ," ಎಂದಳು ಹೆಂಡತಿ.

"ಒಳ್ಳೆಯವನು! ನಿನ್ನ ಬುದ್ಧಿಗೆ ಅಷ್ಟೇ ಎಟುಕೋದು. ಕಂಪ್ಯೂಟರ್ ಬರೋಕೆ ಮೊದಲಿನ ಕಡತಗಳೆಲ್ಲ ಗೋದಾಮಿನಲ್ಲಿರ್ತವೆ. ಕೌಂಟರಲ್ಲಿ ಕೇಳಿದ್ರೆ ತರಿಸಿಕೊಡ್ತಾರೆ. ಯಾವ ಬಿಲದಲ್ಲಿದ್ರೂ ಬಾಲ ಹಿಡಿದು ಎಳೀತೀನಿ. ಇಲ್ಲೇ ಇರಿ, ಏನೂ ಮುಟ್ಬೇಡಿ."

ಕೌಂಟರಿನಲ್ಲಿ ಗುಮಾಸ್ತೆ ಯಾವ ವರ್ಷದ್ದು ಎಂದು ಕೇಳಿದಳು. ವರ್ಷ ಗೊತ್ತಿದ್ದರೆ ನಿನ್ನನ್ನೇಕೆ ಕೇಳುತ್ತಿದ್ದೆ ಎಂದು ಇವನು ಗದರಿದ. ವರ್ಷವಿಲ್ಲದೆ ಗೋದಾಮಿನವರು ಕಡತ ಹುಡುಕುವುದಿಲ್ಲ ಎಂದು ಹೇಳಿ ಅವಳು ಗಾಜಿನ ಕಿಂಡಿ ಮುಚ್ಚಿದಳು. "ಕೆಲಸಕ್ಕೆ ಬಾರದ ಕತ್ತೆಗಳು," ಎಂದು ಗೊಣಗುತ್ತ ಅಳಿಯ ಹಿಂದಿರುಗಿದ.

ಹೆಂಡತಿ ಪರದೆಗೆ ಮುಖ ತಾಗುವಷ್ಟು ಬಾಗಿದ್ದಳು. ಗಂಡನ ಬಗ್ಗೆ ಅಮ್ಮ ಒಂದು ಮಾತಾಡಿದ್ದಕ್ಕೆ ತಿಂಗಳುಗಟ್ಟಲೆ ತವರಿನ ಮೆಟ್ಟಿಲು ಹತ್ತದೆ ಕೂತಿದ್ದ ಹೆಂಗಸು ಅವಳು. ಈಗ ತಿರುಗಿ ನೋಡಿದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಷೋರೂಮ್ ಲಾಭಕ್ಕೆ ಮಾರಿದೆ ಅಂದಿದ್ರಲ್ಲ ನೀವು?"

ಅಳಿಯ ಪರದೆ ನೋಡಿದ. ಅವನದೇ ಹೆಸರು. ಕೆಳಗೆ ಹಳೆಯ ಷೋರೂಮಿನ ಹೆಸರು. ಅದರ ಕೆಳಗೆ ಅವನ ಮನೆಯ ವಿಳಾಸ.

"ಇದು... ಒಂದೇ ಹೆಸರಿನೋರು ಹತ್ತು ಜನ ಇರ್ತಾರೆ ಕಣೇ."

"ವಿಳಾಸ ತಾಳೆ ನೋಡಿದ್ವಿ ಅಳಿಯಂದಿರೇ," ಎಂದರು ಅತ್ತೆ. "ನೀವು ಹೇಳಿಕೊಟ್ಟ ಹಾಗೇ. ಮದುವೆಗೆ ಮುಂಚಿನದೂ ಒಂದಿದೆ."

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಚಪ್ಪಲಿಗೆ ಏನೋ ಅಂಟಿತೆಂದು ನೋಡುವ ಹಾಗೆ. ಬೆಂಚಿನ ಮೇಲಿನ ಗಂಡಹೆಂಡಿರೂ ತಲೆ ಎತ್ತಿದರು.

"ನಾವು ಬಂದಿದ್ದು ನನ್ನ ವಿಚಾರಕ್ಕಲ್ಲ!" ಅಳಿಯ ಕಿರುಚಿದ. "ಆ ಬೇಕರಿಯವನ ವಿಚಾರಕ್ಕೆ! ಮೊದಲು ಅವನದನ್ನ ಇತ್ಯರ್ಥ ಮಾಡಿ!"

ಅತ್ತೆ ಮಗಳ ಕೈ ಹಿಡಿದು ಕುರ್ಚಿಯಿಂದ ಎದ್ದರು.

"ಯಾವ ಬೇಕರಿಯವನು?"