ಅಕ್ಕನ ತೂಕ

ಅಕ್ಕ ತೂಕದ ಯಂತ್ರದಿಂದ ಇಳಿದು, ಕೈಗಡಿಯಾರ ಬಿಚ್ಚಿಟ್ಟು ಮತ್ತೆ ಹತ್ತಿದಳು. ಇಳಿದು, ಕೂದಲಿನ ಕ್ಲಿಪ್ಪು ತೆಗೆದು ಇನ್ನೊಮ್ಮೆ ಹತ್ತಿದಳು. ಯಂತ್ರ ಹಟ ಬಿಡಲಿಲ್ಲ. ಹೋದ ಸಲಕ್ಕಿಂತ ಒಂದು ಕಿಲೋ ಜಾಸ್ತಿಯೇ ತೋರಿಸಿತು.

"ಕನ್ನಡಕಾನೂ ತೆಗೀತೀರಾ?" ಎಂದಳು ಆಸ್ಪತ್ರೆಯ ಆಹಾರ ತಜ್ಞೆ. "ಮೇಡಂ, ಬೇಜಾರು ಮಾಡ್ಕೋಬೇಡಿ. ಕದ್ದು ಏನಾದ್ರೂ ತಿಂತಿದ್ದೀರಾ?"

"ನಾನಾ? ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡು ಕೂತಿದ್ದೀನಿ ಕಣ್ರೀ!"

"ಹಾಗಾದ್ರೆ ಗಾಳಿ ಕುಡಿದು ದಪ್ಪ ಆಗ್ತಿದ್ದೀರಿ ಅನ್ಬೇಕು. ನಿಮ್ಮ ಲಿವರಿನ ಕೊಬ್ಬು ಕರಗೋ ತನಕ ಸರ್ಜನ್ ಚಾಕು ಮುಟ್ಟಲ್ಲ. ಅಷ್ಟು ದಿನ ಕಾಯೋ ಶಕ್ತಿ ನಿಮ್ಮ ತಮ್ಮನಿಗಿಲ್ಲ. ನಿಮಗೇ ಗೊತ್ತು."

ಗೊತ್ತಿತ್ತು, ಅದಕ್ಕೇ ಮೈಯೆಲ್ಲ ಉರಿಯುತ್ತಿತ್ತು. ತಮ್ಮನ ಲಿವರ್ ಪೂರ್ತಿ ಕೆಟ್ಟುಹೋಗಿತ್ತು. ಮನೆಯವರಲ್ಲಿ ಹೊಂದಿಕೆಯಾದದ್ದು ಅಕ್ಕನದೊಂದೇ. ಅದರಲ್ಲೊಂದು ಪಾಲು ಕೊಡಲು ಅವಳು ತಯಾರು. ಅದು ಮಾತ್ರ ಕೊಬ್ಬು ಮೆತ್ತಿಕೊಂಡು ಕೂತಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳು ಜೀವನದಲ್ಲಿ ಏನನ್ನೂ ಅಂದಾಜಿನ ಮೇಲೆ ನಡೆಸಿದವಳಲ್ಲ. ಕ್ಯಾರೆಟ್ಟನ್ನು ತೂಗಿಯೇ ಅಡುಗೆಮನೆಗೆ ಕಳಿಸುತ್ತಿದ್ದಳು. ಬಟ್ಟಲಿಗೆ ಬಂದ ಸೂಪನ್ನು ತೂಗಿಯೇ ಬಾಯಿಗಿಡುತ್ತಿದ್ದಳು. ಈ ಎರಡು ತೂಕಗಳ ನಡುವಿನ ಅಡುಗೆ ಮಾತ್ರ ತಮ್ಮನದು. ಹುಡುಗನಾಗಿದ್ದಾಗಿನಿಂದ ಬೇಕರಿಯ ಒಲೆ ಮುಂದೆ ಪಳಗಿದ ಕೈ. ಕಾಯಿಲೆ ಬಿದ್ದು ಮನೆ ಸೇರಿದ ಮೇಲೆ, "ನಿನ್ನ ಪಥ್ಯದ ಅಡುಗೆ ನನಗೆ ಬಿಡಕ್ಕ, ಅಷ್ಟಾದ್ರೂ ಮಾಡ್ತೀನಿ" ಎಂದು ಹಟ ಹಿಡಿದಿದ್ದ. ಪಥ್ಯದ ಸೂಪು ಇಷ್ಟು ರುಚಿಯಾಗಿರುವುದು ಹೇಗೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಅವನ ಕೈಗುಣ ಎಂದುಕೊಂಡಿದ್ದಳು.

ಆ ಸಂಜೆ ಸಿಟ್ಟಿಗೆ ಊಟವೇ ಬೇಡವೆಂದು, ಅವನು ಮಾಡಿಕೊಟ್ಟ ಸೂಪನ್ನು ಬಟ್ಟಲು ಸಮೇತ ಫ್ರಿಜ್ಜಿಗೆ ತಳ್ಳಿ ಮಲಗಿಬಿಟ್ಟಳು. ಬೆಳಿಗ್ಗೆ ಹಸಿವು ತಾಳಲಾರದೆ ಹೊರತೆಗೆದರೆ ಮೇಲೊಂದು ಹಳದಿ ಪದರ ಕಟ್ಟಿತ್ತು. ಚಮಚದಿಂದ ತಟ್ಟಿದಳು, ಟಕ್ ಎಂದಿತು. ಚೂರು ತೆಗೆದು ಬೆರಳಲ್ಲಿ ಉಜ್ಜಿದಳು, ಮೂಸಿದಳು. ಬೆಣ್ಣೆ. ಒಂದೆರಡು ಹನಿಯಲ್ಲ, ಬಟ್ಟಲಿಗೆ ಮುಚ್ಚಳ ಹಾಕಿದಷ್ಟು.

"ಲೋ! ಎದ್ದು ಬಾರೋ ಇಲ್ಲಿ!"

ತಮ್ಮ ಗೋಡೆ ಹಿಡಿದುಕೊಂಡು ಬಂದ. ಕೈಕಾಲು ಕಡ್ಡಿಯಾಗಿದ್ದವು, ನೀರು ತುಂಬಿದ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದಿತ್ತು, ಕಣ್ಣುಗಳು ಆ ಬೆಣ್ಣೆಯಷ್ಟೇ ಹಳದಿ. ಬಟ್ಟಲನ್ನು ನೋಡಿ, "ಛೆ, ಬಿಸಿ ಇದ್ದಾಗ್ಲೇ ಕುಡೀಬೇಕಿತ್ತು ಅದನ್ನ" ಎಂದ.

"ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳ್ಲೋ ನಾನು? ಒಂದು ಬಿಸ್ಕತ್ತಿನ ಮುಖ ನೋಡಿ ಎಷ್ಟು ಕಾಲ ಆಯ್ತು ಗೊತ್ತಾ? ಮಂಡಿ ಸವೆಯೋ ಹಾಗೆ ದಿನಾ ನಡೀತಿದ್ದೀನಿ. ಯಾರಿಗೋಸ್ಕರ? ಪಕ್ಕದ ಮನೆಯವರಿಗಾ?"

"ಅದಕ್ಕೇ ಹಾಕ್ದೆ."

"ಏನಂದೆ?"

"ದಪ್ಪ ಇದ್ರೆ ನಿನ್ನನ್ನ ವಾಪಸ್ ಮನೆಗೆ ಕಳಿಸ್ತಾರೆ. ಸಣ್ಣಗಾದ್ರೆ ಕುಯ್ತಾರೆ." ಅವನು ಕುರ್ಚಿ ಎಳೆದುಕೊಂಡು ಕೂತ. "ನಂದು ಹೇಗೂ ಸೀದುಹೋದ ಬ್ರೆಡ್ಡು. ಅದಕ್ಕೋಸ್ಕರ ಚೆನ್ನಾಗಿರೋದನ್ನ ಯಾಕೆ ಕತ್ತರಿಸ್ಬೇಕು?"

"ಕತ್ತರಿಸಿದ್ದು ಮತ್ತೆ ಬೆಳೆಯುತ್ತೆ ಕಣೋ! ಡಾಕ್ಟ್ರು ಚಿತ್ರ ಬರೆದು ತೋರಿಸಿದ್ರಲ್ಲ!"

"ಚಿತ್ರದಲ್ಲಿ ಎಲ್ಲರೂ ಬದುಕ್ತಾರಕ್ಕ."

ಸಿಟ್ಟನ್ನೆಲ್ಲ ಅವಳು ಬಟ್ಟಲಿನ ಮೇಲೆ ತೀರಿಸಿಕೊಂಡಳು. ಬೆಣ್ಣೆಯನ್ನು ಕೆರೆಕೆರೆದು ಕಸದ ಬುಟ್ಟಿಗೆ ಹಾಕಿದಳು, ಸೂಪನ್ನು ಸಿಂಕಿಗೆ ಸುರಿದಳು.

"ಇವತ್ತಿಂದ ಒಲೆ ಹತ್ರ ಬಂದ್ರೆ ಕಾಲು ಮುರೀತೀನಿ. ಅಡುಗೆ ನಾನೇ ಮಾಡ್ತೀನಿ."

"ನೀನಾ? ಹಾಗಾದ್ರೆ ಆಪರೇಷನ್ ತನಕ ನಾನು ಬದುಕಿರೋದೇ ಅನುಮಾನ."

ನಗು ಬರುವಂತಿತ್ತು, ಬರಗೊಡಲಿಲ್ಲ. ವಾಕಿಂಗ್ ಹೊರಡಲು ಬಾಗಿಲ ಬಳಿ ಬಂದರೆ ಅವಳ ಶೂಗಳಿರಲಿಲ್ಲ. ಕಪಾಟಿನ ಕೆಳಗಿಲ್ಲ, ಚಾಪೆಯ ಹಿಂದಿಲ್ಲ. ತಿರುಗಿ ನೋಡಿದಳು. ಚಾವಣಿಯಲ್ಲಿ ಏನೋ ಬರೆದಿರುವಂತೆ ಕತ್ತೆತ್ತಿ ಕೂತಿದ್ದ ತಮ್ಮ.

"ಅದನ್ನೂ ಬಚ್ಚಿಟ್ಯೇನೋ? ಇಟ್ಕೋ. ಅದಕ್ಕೂ ಬೆಣ್ಣೆ ಹಚ್ಕೊಂಡು ಕೂತ್ಕೋ!"

ಬರಿಗಾಲಲ್ಲೇ ಹೊರಬಿದ್ದಳು. ಬೀದಿಯಲ್ಲಿ ಜಲ್ಲಿ ಸುರಿದಿದ್ದರಿಂದ ಕಟ್ಟಡದ ಮೆಟ್ಟಿಲುಗಳನ್ನೇ ಹತ್ತಿ ಇಳಿಯತೊಡಗಿದಳು. ಹತ್ತುವಾಗ ತಮ್ಮನನ್ನು ಬೈದಳು, ಇಳಿಯುವಾಗ ತನ್ನನ್ನು ಬೈದುಕೊಂಡಳು. ಸಿಮೆಂಟು ಒರಟಾಗಿತ್ತು, ಅಂಗಾಲು ಚುರುಗುಟ್ಟುತ್ತಿತ್ತು. ಒಂದು ಸುತ್ತಿನಲ್ಲಿ ಮನೆ ಬಾಗಿಲು ಮುಚ್ಚಿತ್ತು. ಇನ್ನೊಂದರಲ್ಲಿ ಅರೆ ತೆರೆದಿತ್ತು. ಅವಳು ಅತ್ತ ನೋಡದೆ ಹತ್ತಿದಳು.

ಮತ್ತೆ ಇಳಿದು ಬಂದಾಗ ಹೊಸ್ತಿಲ ಹೊರಗೆ ಶೂಗಳಿದ್ದವು, ಕಾಲು ತೂರಿಸಲು ಸುಲಭವಾಗಲೆಂದು ಲೇಸು ಪೂರ್ತಿ ಸಡಿಲಿಸಿ. ಪಕ್ಕದ ಮೆಟ್ಟಿಲ ಮೇಲೆ ತಮ್ಮ ಏದುಸಿರು ಬಿಡುತ್ತಾ ಕೂತಿದ್ದ. ಅವಳ ಮುಖ ನೋಡಲಿಲ್ಲ, ಕಾಲು ನೋಡಿದ.

"ಹಾಕ್ಕೊಳ್ಳೇ," ಎಂದು ರೇಗಿದ. "ಕಾಲಿಗೆ ಗಾಯ ಮಾಡ್ಕೊಂಡ್ರೆ ಆಪರೇಷನ್ ಮುಂದಕ್ಕೆ ಹಾಕ್ತಾರೆ."