ಇಂಗು ಸುರಿದ ಬಾಳೆಎಲೆ ಕಾರ್ಡ್

ಪಾಂಡವಪುರದ ಕಡೆ ಅಡುಗೆ ನಂಜಪ್ಪ ಅಂದರೆ ಗೊತ್ತಿಲ್ಲದವರೇ ಇಲ್ಲ... ಮದುವೆ ಮನೆಯಲ್ಲಿ ಅವನು ಸಾರಿಗೆ ಒಗ್ಗರಣೆ ಹಾಕಿದರೆ, ದಾರಿ ತಪ್ಪಿದ ದಿಬ್ಬಣದ ಬಸ್ಸು ಆ ಘಮ ಹಿಡಿದುಕೊಂಡೇ ಛತ್ರದ ಬಾಗಿಲಿಗೆ ಬಂದು ನಿಲ್ಲುತ್ತಿತ್ತಂತೆ.

ನಂಬಿದರೆ ನಂಬಿ... ಬಿಟ್ಟರೆ ಬಿಡಿ.

ಆದರೆ ಒಂದು ಮಾತು ಮಾತ್ರ ಅಪ್ಪಟ ನಿಜ. ನಂಜಪ್ಪ ತಾನು ಮಾಡಿದ ಅಡುಗೆಯ ರುಚಿ ನೋಡುತ್ತಿರಲಿಲ್ಲ. ದೇವರಿಗೆ ಎಡೆ ಇಡುವ ಮೊದಲು ನಾಲಿಗೆಗೆ ಮುಟ್ಟಿಸಬಾರದು ಅನ್ನುವುದು ಅವರಪ್ಪ ಕಲಿಸಿದ ಪದ್ಧತಿ.

ಉಪ್ಪು, ಹುಳಿ, ಖಾರ... ಎಲ್ಲವನ್ನೂ ಮೂಗಿನಲ್ಲೇ ಅಳೆಯುತ್ತಿದ್ದ. ಹಂಡೆಯ ಆವಿಗೆ ಮುಖ ಒಡ್ಡಿ ಒಂದು ಹಿಡಿ ಉಪ್ಪು ಕಡಿಮೆ ಅಂದರೆ, ಸರಿಯಾಗಿ ಒಂದೇ ಹಿಡಿ ಕಡಿಮೆ ಇರುತ್ತಿತ್ತು.

ಮನೆಯಲ್ಲೂ ಅಷ್ಟೇ. ಬೀದಿಯಲ್ಲಿ ಚಪ್ಪಲಿ ಬಿಡುವಾಗಲೇ ಹೆಂಡತಿ ಭಾಗ್ಯಮ್ಮನ ಸಾರಿನಲ್ಲಿ ತಪ್ಪು ಹುಡುಕುತ್ತಿದ್ದ.

ಅವಳಿಗೂ ಸಾಕಾಗಿತ್ತು... ಆ ಮೂಗು ಒಂದು ದಿನವಾದರೂ ರಜಾ ಹಾಕಬಾರದಾ ಅಂತ ಗೊಣಗುತ್ತಿದ್ದಳು.

ಹೋದ ಚಳಿಗಾಲದಲ್ಲಿ ನಂಜಪ್ಪನಿಗೆ ಜ್ವರ ಬಂತು... ಜ್ವರವೇನೋ ಇಳಿಯಿತು... ಮೂಗು ಮಾತ್ರ ನಿಜವಾಗಿಯೂ ರಜಾ ಹಾಕಿಬಿಟ್ಟಿತು.

ಹುಷಾರಾದ ಮೇಲೆ ಒಂದು ನಾಮಕರಣಕ್ಕೆ ಅಡುಗೆಗೆ ಹೋದ. ಪಾಯಸ ತಳ ಹಿಡಿದು ಸೀದ ವಾಸನೆ ಬೀದಿಯ ಕೊನೆಗೆ ಹೋಯಿತು... ಸೌಟು ಹಿಡಿದು ನಿಂತವನಿಗೆ ಮಾತ್ರ ಗೊತ್ತಾಗಲಿಲ್ಲ.

ಯಾರೂ ಬೈಯಲಿಲ್ಲ. ಸುಮ್ಮನೆ ಉಂಡು, ಎಲೆ ಮಡಚಿ ಎದ್ದರು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಗಂಡ ಹೆಂಡತಿ ಡಾಕ್ಟರ್ ಹತ್ತಿರ ಹೋದರು. ವಾಸನೆ ತಿರುಗಿ ಬಂದರೂ ಬರಬಹುದು, ಬರದೇ ಇದ್ದರೂ ಇರಬಹುದು ಅಂದರು ಡಾಕ್ಟರ್...

ಅವತ್ತಿನಿಂದ ನಂಜಪ್ಪ ಮೂಲೆ ಹಿಡಿದ. ಹಾಕಿದ್ದನ್ನು ಉಣ್ಣುತ್ತಿದ್ದ, ಕೈ ತೊಳೆಯುತ್ತಿದ್ದ. ತಪ್ಪು ಹುಡುಕುವುದನ್ನೇ ಬಿಟ್ಟ.

ಒಂದು ದಿನ ಭಾಗ್ಯಮ್ಮ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವನು ತುಟಿ ಎರಡು ಮಾಡದೆ ಉಂಡು ಎದ್ದ... ಅವಳು ಹಿತ್ತಲಿಗೆ ಹೋಗಿ ಅತ್ತಳು.

ಕೊನೆಗೆ ಮೈಸೂರಿನ ಪಾತ್ರೆ ವ್ಯಾಪಾರಿಗೆ ಫೋನ್ ಮಾಡಿ, ಭಾನುವಾರ ಬಂದು ಹಂಡೆ, ಕೊಪ್ಪರಿಗೆ, ಸೌಟು ಎಲ್ಲಾ ತಗೊಂಡು ಹೋಗಿ ಅಂದುಬಿಟ್ಟ. ಅಪ್ಪನ ಕಾಲದ ಹಂಡೆಗಳು...

ಆ ಭಾನುವಾರ ಜೂನ್ ಒಂದು. ನಂಜಪ್ಪನ ಹುಟ್ಟುಹಬ್ಬ. ನಿಜವಾಗಿ ಹುಟ್ಟಿದ್ದು ಯಾವತ್ತೋ ದೇವರಿಗೇ ಗೊತ್ತು... ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಕೊಟ್ಟ ತಾರೀಖು ಅದು.

ಮಕ್ಕಳು ಲಿಖಿತ್ ಮತ್ತು ಗಾನವಿ, ಅಪ್ಪನಿಗೆ ಗ್ರೀಟಿಂಗ್ ಕಾರ್ಡ್ ಮಾಡೋಣ ಅಂತ ಅಮ್ಮನನ್ನು ಕೂರಿಸಿಕೊಂಡರು. ಬಾಳೆಎಲೆ ಊಟದ ಕಾರ್ಡ್.

ಹಸಿರು ರಟ್ಟು ಕತ್ತರಿಸಿ ಎಲೆ ಮಾಡಿದರು. ಹತ್ತಿಯ ಅನ್ನ, ಉಲ್ಲನ್ ಚೂರಿನ ಕೋಸಂಬರಿ, ಬ್ರೌನ್ ಪೇಪರಿನ ಹಪ್ಪಳ... ಮೈದಾ ಅಂಟಿನಿಂದ ಒಂದೊಂದಾಗಿ ಅಂಟಿಸಿದರು.

ಕಿವಿ ಕೇಳದ ಅಜ್ಜಿ ಕಾಳಮ್ಮ, ಇದೇನು ಮಾಡುತ್ತಿದ್ದೀರಿ ಅಂತ ಕೇಳಿದಳು. ಗಾನವಿ ಅಜ್ಜಿಯ ಕಿವಿಗೆ ಬಾಯಿಟ್ಟು ಕೂಗಿದ ಜೋರಿಗೆ, ಪಕ್ಕದ ಊರಿನ ಕೋಳಿಗಳು ಬೆಳಗಾಯಿತೆಂದು ಎದ್ದವಂತೆ.

ಅಜ್ಜಿ ಬೆರಳು ತೋರಿಸಿ, ಎಲೆಯ ತುದಿ ಎಡಕ್ಕೆ ಬರಬೇಕು, ಮೊದಲು ಉಪ್ಪು ಅಂತ ತಿದ್ದಿದಳು.

ಉಳಿದದ್ದು ಸಾರು ಒಂದೇ. ಅದನ್ನು ತಾನೇ ಮಾಡುತ್ತೇನೆ, ಯಾರೂ ನೋಡಬಾರದು ಅಂತ ಗಾನವಿ ಕಾರ್ಡನ್ನು ಅಡುಗೆಮನೆಗೆ ಎತ್ತಿಕೊಂಡು ಹೋದಳು. ಪ್ಲಾಸ್ಟಿಕ್ ಕವರಿಗೆ ಹಾಕಿ, ಬಿಗಿಯಾಗಿ ಗಂಟು ಹಾಕಿಯೇ ತಂದಳು.

ಭಾನುವಾರ ವ್ಯಾಪಾರಿಯ ಟೆಂಪೋ ಬಂತು. ಅವನು ಹಂಡೆ ತಟ್ಟಿ ನೋಡುತ್ತಿದ್ದ... ನಂಜಪ್ಪ ಆ ಕಡೆ ತಿರುಗಿಯೂ ನೋಡದೆ ಜಗಲಿಯಲ್ಲಿ ಕೂತಿದ್ದ.

ಮಕ್ಕಳು ಓಡಿ ಬಂದು ಕವರ್ ಕೈಗಿಟ್ಟರು. ಅವನು ಗಂಟು ಬಿಚ್ಚಿದ...

ಅಷ್ಟೇ. ಹಂಡೆಯೊಳಗೆ ತಲೆ ಹಾಕಿದ್ದ ವ್ಯಾಪಾರಿ ಸೀನಿದ ಸೀನಿಗೆ ಹಂಡೆ ಗಂಟೆಯ ಹಾಗೆ ಮೊಳಗಿತು. ಎದುರು ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಕೆರೆ ಕಡೆ ಓಡಿತು.

ನಂಜಪ್ಪ ಎಲೆ ನೋಡಿದ. ಸ್ವಲ್ಪ ನಕ್ಕ. ಸಾರು ಸರಿಯಾಗಿ ಕಾಣಲಿಲ್ಲ ಅಂತ ಕಾರ್ಡನ್ನು ಮುಖದ ಹತ್ತಿರ ತಂದ...

ತಂದ ಕೈ ಅಲ್ಲೇ ನಿಂತಿತು.

ಇನ್ನೂ ಹತ್ತಿರ ತಂದ... ಹುಬ್ಬು ಗಂಟಾಯಿತು. ಚಳಿಗಾಲದಿಂದ ಆ ಮನೆಯಲ್ಲಿ ಯಾರೂ ನೋಡದ ಗಂಟು ಅದು.

"ಯಾರಮ್ಮಿ... ಸಾರ್ಗೆ ಇಷ್ಟೊಂದು ಇಂಗ್ ಸುರ್ದೋರು?"

ವ್ಯಾಪಾರಿಗೆ ಕಾಫಿ ತರುತ್ತಿದ್ದ ಭಾಗ್ಯಮ್ಮ ಲೋಟ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಬೈಗುಳ ಬೀಳುತ್ತದೆ ಅಂದುಕೊಂಡ ಗಾನವಿ ಅಮ್ಮನ ಸೆರಗಿನ ಹಿಂದೆ ಸೇರಿದಳು. ಅಲ್ಲಿಂದಲೇ ಮೆಲ್ಲಗೆ ಹೇಳಿದಳು...

"ಅಜ್ಜಿಗೆ ಕಿವಿ ಕೇಳಲ್ಲ ಅಂತ ಜೋರಾಗ್ ಕೂಗ್ತೀವಲ್ವಾ... ಅಪ್ಪಂಗೂ ಮೂಗ್ ಕೇಳಲ್ವಲ್ಲ... ಅದ್ಕೇ ಡಬ್ಬಿ ಪೂರ್ತಿ ಹಾಕ್ದೆ."

ನಂಜಪ್ಪ ಆ ರಟ್ಟಿನ ಎಲೆಯನ್ನು ಮುಖಕ್ಕೆ ಒತ್ತಿಕೊಂಡ. ಕಣ್ಣಲ್ಲಿ ದಳದಳ ನೀರು... ಇಂಗಿನ ಘಾಟಿಗೋ, ಮಗಳ ಮಾತಿಗೋ, ಇವತ್ತಿನವರೆಗೂ ಹೇಳಿಲ್ಲ.

ಭಾಗ್ಯಮ್ಮ ಎದ್ದು ವ್ಯಾಪಾರಿಯ ಕೈಗೆ ಲೋಟ ಕೊಟ್ಟಳು. "ಕಾಫಿ ಕುಡ್ದು ಹೊರಡಣ್ಣ. ಹಂಡೆ ಕೊಡಾಕಿಲ್ಲ."

ಅವನಿಗೂ ಬೇಜಾರಾಗಲಿಲ್ಲ. ಮೂಗು ಒರೆಸಿಕೊಳ್ಳುತ್ತಾ, ನಗುತ್ತಾ ಖಾಲಿ ಟೆಂಪೋ ತಿರುಗಿಸಿದ.

ಉಳಿದ ವಾಸನೆಗಳೆಲ್ಲ ಒಂದೊಂದೇ ಮನೆಗೆ ಬರುವ ಹೊತ್ತಿಗೆ ದೀಪಾವಳಿ ಆಯಿತು. ಮೊದಲು ಕಾಫಿ, ಆಮೇಲೆ ಕರಿಬೇವು... ಮೊನ್ನೆ ಒಂದು ಮದುವೆಯಲ್ಲಿ ಮತ್ತೆ ಹಂಡೆಯ ಆವಿಗೆ ಮುಖ ಒಡ್ಡಿ ನಿಂತಿದ್ದ.

ಆದರೆ ಆ ಭಾನುವಾರ ಮಧ್ಯಾಹ್ನದ್ದೇ ಬೇರೆ. ಭಾಗ್ಯಮ್ಮ ಬಿಸಿ ಸಾರು ಬಡಿಸಿದಳು. ನಂಜಪ್ಪ ತಟ್ಟೆಗೆ ಬಗ್ಗಿ ಮೂಸಿ, ಇದಕ್ಕೆ ಇಂಗೇ ಬಿದ್ದಿಲ್ಲ ಅಂತ ಗೊಣಗಿದ.

ಎಲ್ಲಿಂದ ಬೀಳಬೇಕು... ಡಬ್ಬಿಯೇ ಖಾಲಿ.

ಮೊದಲಾಗಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಅವತ್ತು ಸೌಟು ಹಿಡಿದುಕೊಂಡೇ ಅವನ ಪಕ್ಕ ಕೂತಳು.

"ಇನ್ನೊಂದ್ ಸಲ ಅನ್ನಿ" ಅಂದಳು.


*ಪ್ರೀತಿ ತಲುಪುತ್ತಿಲ್ಲ ಅಂತ ಕೈಬಿಡಬೇಡಿ... ಸ್ವಲ್ಪ ಜಾಸ್ತಿಯೇ ಹಾಕಿ.*

ತಪ್ಪು ಹುಡುಕುವುದನ್ನೂ ಬಿಟ್ಟು ಸುಮ್ಮನೆ ಕೂತವರು ನಿಮ್ಮ ಮನೆಯಲ್ಲೂ ಇದ್ದಾರಾ? ಇವತ್ತು ಅವರ ಪಕ್ಕ ಒಂದು ಗಳಿಗೆ ಕೂತಿರಾ?