ಆರಡಿಯವನ ಸುದ್ದಿ

ಗಾಳಿ, ಊಟ, ಜಾಗ ಎಲ್ಲವೂ ಕಡಿಮೆ ಸಾಕೆಂದು ಚಂದ್ರನ ವಸಾಹತಿಗೆ ಕುಬ್ಜತೆ ಇರುವವರನ್ನೇ ಆರಿಸಿ ಕಳಿಸುತ್ತಿದ್ದರು. ಅಲ್ಲಿನ ಬಾಗಿಲು, ಕುರ್ಚಿ, ಮಂಚ ಎಲ್ಲವೂ ಅವರ ಅಳತೆಯವೇ. ಶಿವಲೀಲಾ ಹೂಗಾರ ಅಲ್ಲಿನ ವಾಹಿನಿಯಲ್ಲಿ ಸುದ್ದಿ ಓದುತ್ತಿದ್ದಳು.

ಆ ವಾರ ವಸಾಹತಿನ ಗಾಳಿಯಂತ್ರ ಕೆಟ್ಟಿತು. ಭೂಮಿಯಿಂದ ಬಂದ ಆರಡಿ ಎತ್ತರದ ಎಂಜಿನಿಯರ್ ಮೋನಪ್ಪ ಬಡಿಗೇರ ಅದನ್ನು ಸರಿಮಾಡಿದ. ಅವನ ಸಂದರ್ಶನಕ್ಕೆ ಶಿವಲೀಲಾ ಹೋದಾಗ, ಸಂಪಾದಕ ಗುರುಶಾಂತಪ್ಪನವರು ಅವಳ ಕಿವಿಯ ಯಂತ್ರದಲ್ಲಿ ಪ್ರಶ್ನೆ ಹೇಳಿಕೊಡುತ್ತಿದ್ದರು.

“ನಮ್ಮ ಮಂಚದ ಮ್ಯಾಲೆ ಹೆಂಗ ಮಲಗ್ತಾನ, ಕೇಳವ್ವ.”

ಅವಳು ಕೇಳಿದಳು.

“ಮಡಚಿಕೊಂಡು ಮಲಗ್ತೀನ್ರಿ,” ಎಂದ ಮೋನಪ್ಪ. “ಯಂತ್ರದ ಕವಾಟ ಬಿರುಕು ಬಿಟ್ಟಿತ್ತು ನೋಡ್ರಿ, ಅದನ್ನ...”

“ಕವಾಟ ಯಾರಿಗೆ ಬೇಕು? ಅವಗ ಹೆಣ್ಣು ಕೊಡೋರು ಅದಾರೇನು, ಕೇಳು.”

ಸಂಜೆ ಓದಲು ಬಂದ ಬರಹದ ತಲೆಬರಹ ಹೀಗಿತ್ತು: ‘ಎತ್ತರದಿಂದ ನರಳುತ್ತಿದ್ದರೂ ನಗುವ ಮೋನಪ್ಪ’. ಜೊತೆಗೆ ನಗೆಹಬ್ಬದ ಪೀಪಿ ಸಂಗೀತ.

ಶಿವಲೀಲೆಗೆ ಭೂಮಿಯಲ್ಲಿ ಚಿನ್ನದ ಪದಕ ಬಂದ ದಿನ ನೆನಪಾಯಿತು. ಪತ್ರಿಕೆಯವರು ಅವಳನ್ನು ಬಕೆಟ್ಟಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದಿದ್ದರು. ‘ಪುಟಾಣಿಯ ಮುಗಿಲೆತ್ತರದ ಸಾಧನೆ’ ಎಂದು ಬರೆದಿದ್ದರು. ಪದಕ ಯಾವ ವಿಷಯಕ್ಕೆ ಎಂಬುದು ಎಲ್ಲೂ ಇರಲಿಲ್ಲ.

ಅವಳು ಬರಹವನ್ನು ಬದಿಗಿಟ್ಟು ನೇರಪ್ರಸಾರದಲ್ಲಿ ಓದಿದಳು: “ಗಾಳಿಯಂತ್ರದ ಬಿರುಕು ಬಿಟ್ಟ ಕವಾಟವನ್ನು ಎಂಜಿನಿಯರ್ ಮೋನಪ್ಪ ಬಡಿಗೇರ ಬದಲಾಯಿಸಿದ್ದಾರೆ.”

ಪ್ರಸಾರ ಮುಗಿದದ್ದೇ ಗುರುಶಾಂತಪ್ಪನವರು ಏದುಸಿರು ಬಿಡುತ್ತ ಬಂದರು. “ಇಷ್ಟನ? ಇದರಾಗ ಸುದ್ದಿ ಎಲ್ಲೈತಿ?”

“ಒಂದು ಸಲ ಉಸಿರು ತಗೋರಿ ಸರ,” ಎಂದಳು ಶಿವಲೀಲಾ. “ಅದ ಸುದ್ದಿ.”